ಒಪ್ಪಿಗೆಯ ಗುಂಡಿ

ಹಲವು ವರ್ಷಗಳಿಂದ ಬಳಸದೆ ಬಿಟ್ಟಿದ್ದ ಆನ್‌ಲೈನ್ ಮಳಿಗೆಯೊಂದರ ಖಾತೆಯನ್ನು ಈಚೆಗೆ ಮುಚ್ಚಲು ಹೊರಟೆ. ಮುಚ್ಚುವ ಮೊದಲು, ಇಷ್ಟು ಕಾಲ ಅವರು ನನ್ನ ಬಗ್ಗೆ ಏನೇನು ಕೂಡಿಟ್ಟಿದ್ದಾರೆ ಎಂಬುದನ್ನು ಒಮ್ಮೆ ನೋಡಿಬಿಡೋಣ ಎನಿಸಿ, ನನ್ನ ಮಾಹಿತಿಯ ಪ್ರತಿ ಬೇಕೆಂಬ ಕೋರಿಕೆಯನ್ನು ಸಲ್ಲಿಸಿದೆ. ಸೆಟ್ಟಿಂಗ್ಸ್‌ನ ಒಳಗೊಳಗೆ ಇಳಿಯುತ್ತ ಹೋಗಿ ಆ ಕೋರಿಕೆಯ ಪುಟವನ್ನು ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಖಾತೆ ತೆರೆಯುವಾಗ ಅರ್ಧ ನಿಮಿಷವೂ ಹಿಡಿದಿರಲಿಲ್ಲ. 11 ದಿನಗಳ ನಂತರ ಒಂದು ಕಡತ ಬಂತು.

ಹೆಸರು, ವಿಳಾಸ, ಫೋನ್ ಸಂಖ್ಯೆ, ಕೊಂಡ ವಸ್ತುಗಳ ಪಟ್ಟಿ, ಇವೆಲ್ಲ ನಿರೀಕ್ಷಿಸಿದ್ದೇ. ಬುಟ್ಟಿಗೆ ಹಾಕಿ ಕೊಳ್ಳದೆ ಬಿಟ್ಟ ವಸ್ತುಗಳು, ದಿನದ ಯಾವ ಹೊತ್ತಿನಲ್ಲಿ ಆ್ಯಪ್ ತೆರೆಯುತ್ತಿದ್ದೆ, ಯಾವ ಚಿತ್ರದ ಮೇಲೆ ಎಷ್ಟು ಸೆಕೆಂಡು ನಿಂತಿದ್ದೆ ಎಂಬ ಲೆಕ್ಕವೂ ಅದರಲ್ಲಿತ್ತು. ಅದನ್ನೂ ಊಹಿಸಬಹುದಿತ್ತು ಎನ್ನಿ. ನನ್ನನ್ನು ತಡೆದು ನಿಲ್ಲಿಸಿದ್ದು ಕಡತದ ಕೊನೆಯಲ್ಲಿ ‘ಅಂದಾಜು ವಿವರಗಳು’ ಎಂಬ ಹೆಸರಿನಡಿ ಇದ್ದ ಒಂದು ಸಾಲು: ‘ಮನೆಯಲ್ಲಿ 5 ವರ್ಷದೊಳಗಿನ ಮಗು ಇರುವ ಸಾಧ್ಯತೆ: ಹೆಚ್ಚು.’ ಗೆಳೆಯರ ಮಗುವಿಗೆಂದು ಒಮ್ಮೆ ಒಂದು ಆಟಿಕೆಯನ್ನು ಕೊಂಡಿದ್ದೆ, ಅಷ್ಟೆ. ನಾನು ಎಂದೂ ಹೇಳದ, ಮೇಲಾಗಿ ನಿಜವೂ ಅಲ್ಲದ ಸಂಗತಿಯೊಂದು ನನ್ನ ಹೆಸರಿನ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತಿತ್ತು.

ಇದಕ್ಕೆ ನಾನು ಒಪ್ಪಿದ್ದೆನೇ? ಕಾನೂನಿನ ಭಾಷೆಯಲ್ಲಿ ಹೌದು. ಖಾತೆ ತೆರೆದ ದಿನ ‘ಒಪ್ಪುತ್ತೇನೆ’ ಎಂಬ ಗುಂಡಿಯನ್ನು ಒತ್ತಿದ್ದೆ. ಕನ್ನಡದಲ್ಲಿ ಗುಂಡಿ ಎಂದರೆ ಒತ್ತುವಂಥದ್ದೂ ಹೌದು, ಬೀಳುವಂಥದ್ದೂ ಹೌದು. ಈ ಸಂದರ್ಭದಲ್ಲಿ ಎರಡು ಅರ್ಥಗಳಿಗೂ ನಡುವೆ ಹೆಚ್ಚು ಅಂತರವಿಲ್ಲ. ಅಂತರ್ಜಾಲದಲ್ಲಿ ಗ್ರಾಹಕರ ವೈಯಕ್ತಿಕ ಮಾಹಿತಿಯನ್ನು ಕಾಯುವ ಕಾನೂನುಗಳ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಈ ಒಪ್ಪಿಗೆಯ ಸುತ್ತಲೇ ಸುತ್ತುತ್ತದೆ. ನನ್ನ ಅಭಿಪ್ರಾಯ ಬೇರೆ. ಈ ಕಾನೂನುಗಳಲ್ಲಿ ಒಪ್ಪಿಗೆಯ ಭಾಗವೇ ಅತ್ಯಂತ ದುರ್ಬಲವಾದುದು. ನಾವು ಒಪ್ಪಿದರೂ ಒಪ್ಪದಿದ್ದರೂ ಸಂಸ್ಥೆಗಳ ಕೈಕಟ್ಟುವ ನಿಯಮಗಳು ಬೇರೆ ಇವೆ, ಗ್ರಾಹಕರಿಗೆ ನಿಜವಾದ ಆಸರೆ ಇರುವುದು ಅಲ್ಲಿ.

ಮೊದಲು ‘ವೈಯಕ್ತಿಕ ಮಾಹಿತಿ’ ಎಂದರೇನು ಎಂಬುದನ್ನು ನೋಡಬೇಕು, ಏಕೆಂದರೆ ಕಾನೂನಿನ ಬೇಲಿ ಎಲ್ಲಿಯವರೆಗೆ ಹಬ್ಬಿದೆ ಎಂಬುದು ಈ ವ್ಯಾಖ್ಯಾನದ ಮೇಲೆಯೇ ನಿಂತಿದೆ. ಹೆಸರು ಮತ್ತು ಫೋನ್ ಸಂಖ್ಯೆ ಮಾತ್ರ ವೈಯಕ್ತಿಕ ಎಂದು ನಮ್ಮಲ್ಲಿ ಅನೇಕರು ತಿಳಿದಿರುತ್ತಾರೆ. ಹೆಸರು ತೆಗೆದುಹಾಕಿದರೂ ಮನುಷ್ಯ ಸಿಕ್ಕಿಬೀಳುತ್ತಾನೆ ಎಂಬುದನ್ನು ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲಿಯೇ ತೋರಿಸಿದ್ದರು: ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ ಮತ್ತು ಲಿಂಗ ಎಂಬ ಮೂರೇ ವಿವರಗಳಿಂದ ಅಮೆರಿಕದ ಸುಮಾರು 87 ಶೇಕಡಾ ಜನರನ್ನು ಒಬ್ಬೊಬ್ಬರನ್ನಾಗಿ ಗುರುತಿಸಲು ಸಾಧ್ಯ ಎಂಬುದು ಅವರ ಅಂದಾಜಾಗಿತ್ತು. 2006ರಲ್ಲಿ ಎಒಎಲ್ ಎಂಬ ಅಂತರ್ಜಾಲ ಸೇವೆಯ ಸಂಸ್ಥೆಯು ಬಳಕೆದಾರರ ಹೆಸರಿನ ಬದಲು ಸಂಖ್ಯೆಗಳನ್ನು ಇಟ್ಟು ಅವರ ಹುಡುಕಾಟದ ಪದಗಳನ್ನು ಸಂಶೋಧನೆಗೆಂದು ಬಹಿರಂಗಪಡಿಸಿದಾಗ, ಪತ್ರಕರ್ತರು ಕೆಲವೇ ದಿನಗಳಲ್ಲಿ ಒಂದು ಸಂಖ್ಯೆಯ ಹಿಂದಿದ್ದ ಮಹಿಳೆಯನ್ನು ಪತ್ತೆಹಚ್ಚಿ ಅವರ ಮನೆಯ ಬಾಗಿಲು ತಟ್ಟಿದರು. ಇಂಥ ಸಾಧ್ಯತೆ ಇರುವುದರಿಂದಲೇ ಯುರೋಪ್ ಒಕ್ಕೂಟದ ಜಿಡಿಪಿಆರ್ ಕಾನೂನು, ಗುರುತಿಸಲಾದ ವ್ಯಕ್ತಿಯ ಜೊತೆಗೆ ‘ಗುರುತಿಸಬಹುದಾದ’ ವ್ಯಕ್ತಿಗೂ ಸಂಬಂಧಿಸಿದ ಯಾವುದೇ ಮಾಹಿತಿಯನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಕ್ಯಾಲಿಫೋರ್ನಿಯಾದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗ್ರಾಹಕರ ಬಗ್ಗೆ ಕಟ್ಟಿಕೊಂಡ ಊಹೆಗಳೂ ವೈಯಕ್ತಿಕ ಮಾಹಿತಿಯೇ ಎಂದು ಸ್ಪಷ್ಟವಾಗಿ ಬರೆದಿದೆ. ನನ್ನ ಮನೆಯ ಇಲ್ಲದ ಮಗು ಆ ಸಾಲಿಗೆ ಸೇರುತ್ತದೆ.

ಈ ಕಾನೂನುಗಳ ಹುಟ್ಟು ಅಂತರ್ಜಾಲಕ್ಕಿಂತ ಹಳೆಯದು ಎಂಬುದು ಹಲವರಿಗೆ ಅಚ್ಚರಿಯ ಸಂಗತಿ. ಜಗತ್ತಿನ ಮೊದಲ ದತ್ತಾಂಶ ರಕ್ಷಣಾ ಕಾನೂನು 1970ರಲ್ಲಿ ಜರ್ಮನಿಯ ಹೆಸ್ಸೆನ್ ರಾಜ್ಯದಲ್ಲಿ ಬಂತು. ಇಡೀ ದೇಶಕ್ಕೆ ಅನ್ವಯಿಸುವ ಮೊದಲ ಕಾನೂನನ್ನು 1973ರಲ್ಲಿ ಸ್ವೀಡನ್ ಮಾಡಿತು. ಆಗ ಜನರಿಗಿದ್ದ ಭಯ ವ್ಯಾಪಾರಿಗಳದ್ದಲ್ಲ, ಕೋಣೆ ತುಂಬುವ ಕಂಪ್ಯೂಟರುಗಳಲ್ಲಿ ಪ್ರಜೆಗಳ ವಿವರಗಳನ್ನು ತುಂಬಿಡತೊಡಗಿದ್ದ ಸರ್ಕಾರದ್ದು. ಅದೇ 1973ರಲ್ಲಿ ಅಮೆರಿಕದ ಸರ್ಕಾರಿ ಸಮಿತಿಯೊಂದು ನ್ಯಾಯಯುತ ಮಾಹಿತಿ ಬಳಕೆಯ ತತ್ತ್ವಗಳನ್ನು ಬರೆಯಿತು: ಗುಟ್ಟಾಗಿ ದಾಖಲೆ ಇಡಬಾರದು, ತನ್ನ ಬಗ್ಗೆ ಏನಿದೆ ಎಂದು ತಿಳಿಯುವ ದಾರಿ ವ್ಯಕ್ತಿಗೆ ಇರಬೇಕು, ಒಂದು ಉದ್ದೇಶಕ್ಕೆ ಪಡೆದದ್ದನ್ನು ಇನ್ನೊಂದಕ್ಕೆ ಬಳಸುವುದನ್ನು ತಡೆಯುವ ದಾರಿ ಇರಬೇಕು, ತಪ್ಪಿದ್ದರೆ ತಿದ್ದಿಸುವ ದಾರಿ ಇರಬೇಕು, ದಾಖಲೆ ಇಡುವವರು ಅದರ ವಿಶ್ವಾಸಾರ್ಹತೆಗೆ ಹೊಣೆಯಾಗಬೇಕು. ಇವೇ ಮಾತುಗಳು ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ 1980ರ ಮಾರ್ಗಸೂಚಿಗಳ ಮೂಲಕ ಜಗತ್ತಿನಾದ್ಯಂತ ಹರಡಿದವು. ವಿಚಿತ್ರವೆಂದರೆ, ಈ ತತ್ತ್ವಗಳಿಗೆ ರೂಪ ಕೊಟ್ಟ ಅಮೆರಿಕದಲ್ಲಿ ಎಲ್ಲ ವ್ಯವಹಾರಗಳಿಗೂ ಅನ್ವಯಿಸುವ ಒಂದು ಸಮಗ್ರ ರಾಷ್ಟ್ರೀಯ ಕಾನೂನು ಇನ್ನೂ ಇಲ್ಲ. ಅಲ್ಲಿ ಸಾಲದ ದಾಖಲೆಗೆ ಒಂದು, ಆರೋಗ್ಯದ ದಾಖಲೆಗೆ ಒಂದು, ಮಕ್ಕಳಿಗೆ ಒಂದು ಎಂದು ತೇಪೆ ಹಚ್ಚಿದ ಹಾಗೆ ಕಾನೂನುಗಳಿವೆ.

ಆ ತೇಪೆಗಳಲ್ಲಿ ಒಂದರ ಕಥೆ ಹೇಳಲೇಬೇಕು. 1987ರಲ್ಲಿ ರಾಬರ್ಟ್ ಬೋರ್ಕ್ ಅವರನ್ನು ಅಮೆರಿಕದ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನ ಮಾಡಿದ್ದಾಗ, ಅವರ ಕುಟುಂಬ ಬಾಡಿಗೆಗೆ ತಂದಿದ್ದ ವಿಡಿಯೊಗಳ ಪಟ್ಟಿಯನ್ನು ಒಂದು ವಾರಪತ್ರಿಕೆ ಪ್ರಕಟಿಸಿತು. ಪಟ್ಟಿಯಲ್ಲಿ ಮುಜುಗರಪಡುವಂಥದ್ದೇನೂ ಇರಲಿಲ್ಲ. ಆದರೂ ಮರುವರ್ಷವೇ, 1988ರಲ್ಲಿ, ವಿಡಿಯೊ ಬಾಡಿಗೆಯ ದಾಖಲೆಗಳನ್ನು ರಕ್ಷಿಸುವ ಪ್ರತ್ಯೇಕ ಕಾನೂನನ್ನು ಅಲ್ಲಿನ ಶಾಸಕರು ಅಂಗೀಕರಿಸಿದರು. ಬೇರೆಯವರ ಪಟ್ಟಿಯನ್ನು ಓದುತ್ತಿದ್ದಾಗ ಅವರಿಗೆ ತಮ್ಮ ತಮ್ಮ ಪಟ್ಟಿ ನೆನಪಾಗಿರಬೇಕು ಎಂಬುದು ನನ್ನ ಗುಮಾನಿ.

ಇನ್ನು ಒಪ್ಪಿಗೆಗೆ ಬರುತ್ತೇನೆ. ಕೇಳುವುದಕ್ಕೆ ಇದು ಬಹಳ ಗೌರವಯುತವಾದ ವ್ಯವಸ್ಥೆ: ನಿಮ್ಮದನ್ನು ತೆಗೆದುಕೊಳ್ಳುವ ಮೊದಲು ನಿಮ್ಮನ್ನು ಕೇಳುತ್ತೇವೆ. ತೊಡಕಿರುವುದು ಎಷ್ಟು ಜನ, ಎಷ್ಟು ಸಲ, ಎಷ್ಟು ಉದ್ದವಾಗಿ ಕೇಳುತ್ತಾರೆ ಎಂಬುದರಲ್ಲಿ. ಒಬ್ಬ ಬಳಕೆದಾರ ಒಂದು ವರ್ಷದಲ್ಲಿ ಭೇಟಿ ಕೊಡುವ ಎಲ್ಲ ತಾಣಗಳ ಗೌಪ್ಯತಾ ನೀತಿಯನ್ನು ಪ್ರಾಮಾಣಿಕವಾಗಿ ಓದಲು ಹೊರಟರೆ ವರ್ಷಕ್ಕೆ 200ಕ್ಕೂ ಹೆಚ್ಚು ಗಂಟೆ ಬೇಕಾಗುತ್ತದೆ ಎಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೀಶಿಯಾ ಮೆಕ್‌ಡೊನಾಲ್ಡ್ ಮತ್ತು ಲಾರಿ ಕ್ರೇನರ್ 2008ರಲ್ಲಿ ಲೆಕ್ಕ ಹಾಕಿದ್ದರು. ಅದು ಸ್ಮಾರ್ಟ್‌ಫೋನುಗಳು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲದ ಲೆಕ್ಕ. ಓದಿದರೂ ಮಾಡುವುದೇನು? ನೀತಿಯ ಒಂದು ವಾಕ್ಯ ಒಪ್ಪಿಗೆಯಾಗಲಿಲ್ಲವೆಂದು ಅದನ್ನು ಹೊಡೆದುಹಾಕಿ ಸಹಿ ಮಾಡುವ ಅವಕಾಶ ಯಾರಿಗೂ ಇಲ್ಲ. ಒಂದೋ ಒಪ್ಪಬೇಕು, ಇಲ್ಲವೇ ಹೊರಗುಳಿಯಬೇಕು.

ಈ ಒಪ್ಪಿಗೆಯನ್ನು ನಿಜವಾದದ್ದನ್ನಾಗಿ ಮಾಡಲು ಕಾನೂನು ಪ್ರಯತ್ನಿಸಿಲ್ಲವೆಂದಲ್ಲ. 2018ರ ಮೇ 25ರಿಂದ ಅನ್ವಯವಾದ ಜಿಡಿಪಿಆರ್, ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ತಿಳಿವಳಿಕೆಯಿಂದ ಕೂಡಿದ್ದೂ ಅಸಂದಿಗ್ಧವೂ ಆಗಿರಬೇಕು, ಮತ್ತು ಅದನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಬಳಕೆದಾರರು ಅಳಿಸದೆ ಬಿಟ್ಟರೆ ಅದು ಒಪ್ಪಿಗೆಯಾಗದು ಎಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ಪ್ಲಾನೆಟ್49 ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬಳಕೆದಾರರನ್ನು ಗುರುತಿಟ್ಟುಕೊಳ್ಳಲು ತಾಣಗಳು ಅವರ ಸಾಧನದಲ್ಲಿ ಇಡುವ ಸಣ್ಣ ಕಡತಗಳಾದ ಕುಕಿಗಳನ್ನು ಒಪ್ಪಲು ಒಂದೇ ಒತ್ತು ಸಾಕು, ನಿರಾಕರಿಸಲು ಮಾತ್ರ ಹಲವು ಒತ್ತು ಬೇಕು ಎಂಬ ವ್ಯವಸ್ಥೆ ಇಟ್ಟದ್ದಕ್ಕಾಗಿ ಫ್ರಾನ್ಸಿನ ನಿಯಂತ್ರಕ ಸಂಸ್ಥೆ 2022ರ ಜನವರಿಯಲ್ಲಿ ಗೂಗಲ್‌ಗೆ 150 ಮಿಲಿಯನ್ ಯೂರೊ, ಫೇಸ್‌ಬುಕ್‌ಗೆ 60 ಮಿಲಿಯನ್ ಯೂರೊ ದಂಡ ವಿಧಿಸಿದ್ದನ್ನು ಪ್ರಕಟಿಸಿತು. ನಿರಾಕರಣೆಯ ಗುಂಡಿಯನ್ನು ಮಸುಕು ಬಣ್ಣದಲ್ಲಿ ಅಡಗಿಸುವುದು, ‘ಬೇಡ’ ಎನ್ನುವವರನ್ನು ನಾಚಿಸುವಂತೆ ಪದ ಜೋಡಿಸುವುದು, ಇಂಥ ವಿನ್ಯಾಸದ ಮೋಸಗಳಿಗೆ ವಿನ್ಯಾಸಕಾರ ಹ್ಯಾರಿ ಬ್ರಿಗ್ನಲ್ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ಭಾರತದ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿಗಳು ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿವೆ.

ಇಷ್ಟೆಲ್ಲ ಆದ ಮೇಲೂ ದೊಡ್ಡ ಸಂಸ್ಥೆಗಳು ಒಪ್ಪಿಗೆಯ ಹೊಸ ಹೊಸ ಅರ್ಥಗಳನ್ನು ಹುಡುಕಿಕೊಳ್ಳುತ್ತಲೇ ಇವೆ. 2023ರ ಕೊನೆಯಲ್ಲಿ, ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾ ಸಂಸ್ಥೆಯು ಯುರೋಪಿನ ಬಳಕೆದಾರರ ಮುಂದೆ ಎರಡು ದಾರಿಗಳನ್ನಿಟ್ಟಿತು: ತಿಂಗಳು ತಿಂಗಳು ಹಣ ಕೊಟ್ಟು ಜಾಹೀರಾತಿಲ್ಲದೆ ಬಳಸಿ, ಅಥವಾ ನಿಮ್ಮ ಮಾಹಿತಿಯನ್ನು ಜಾಹೀರಾತಿಗೆ ಬಳಸಲು ಒಪ್ಪಿ. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಕರೆದು, ಆ ಹಕ್ಕಿಗೆ ಮಾಸಿಕ ಚಂದಾ ಇಟ್ಟ ಹಾಗಾಯಿತು. ಯುರೋಪಿಯನ್ ಆಯೋಗವು ಇದನ್ನು ಡಿಜಿಟಲ್ ಮಾರುಕಟ್ಟೆಗಳ ಕಾಯ್ದೆಯ ಉಲ್ಲಂಘನೆಯೆಂದು ಪರಿಗಣಿಸಿ 2025ರ ಏಪ್ರಿಲ್‌ನಲ್ಲಿ 200 ಮಿಲಿಯನ್ ಯೂರೊ ದಂಡ ಹಾಕಿತು. ಗಮನಿಸಿ, ಆ ದಂಡ ಬಂದದ್ದು ಮಾರುಕಟ್ಟೆಯ ಬಲವನ್ನು ನಿಯಂತ್ರಿಸುವ ಕಾನೂನಿನಿಂದ. ಒಪ್ಪಿಗೆ ಮುಕ್ತವೇ ಎಂಬ ಪ್ರಶ್ನೆ ಕೊನೆಗೆ, ಬೇರೆ ಅಂಗಡಿಗೆ ಹೋಗುವ ದಾರಿ ಗ್ರಾಹಕನಿಗೆ ಇದೆಯೇ ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಆದ್ದರಿಂದಲೇ ನಾನು ಹೆಚ್ಚು ಬೆಲೆ ಕೊಡುವುದು ಒಪ್ಪಿಗೆಯಾಚೆಗಿನ ನಿಯಮಗಳಿಗೆ. ಅವುಗಳಲ್ಲಿ ಮುಖ್ಯವಾದವು ಮೂರು ಮಾತುಗಳಲ್ಲಿವೆ: ಹೇಳಿದ ಉದ್ದೇಶಕ್ಕಷ್ಟೇ ಬಳಸಬೇಕು, ಆ ಉದ್ದೇಶಕ್ಕೆ ಬೇಕಾದಷ್ಟನ್ನೇ ಪಡೆಯಬೇಕು, ಉದ್ದೇಶ ಮುಗಿದ ಮೇಲೆ ಇಟ್ಟುಕೊಳ್ಳಬಾರದು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಆ್ಯಪ್ ತಯಾರಿಸಿದವರ ವಿರುದ್ಧ ಕ್ರಮ ಕೈಗೊಂಡ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಫೋನನ್ನು ಟಾರ್ಚಿನಂತೆ ಬೆಳಗಿಸುವುದಷ್ಟೇ ಅದರ ಕೆಲಸ. ಆದರೆ ಅದು ಬಳಕೆದಾರರು ಎಲ್ಲಿದ್ದಾರೆ ಎಂಬ ನಿಖರ ವಿವರವನ್ನು ಜಾಹೀರಾತು ಜಾಲಗಳಿಗೆ ದಾಟಿಸುತ್ತಿತ್ತು. ಇನ್ನೂ ಸೊಗಸಾದ ಭಾಗವೆಂದರೆ, ಷರತ್ತುಗಳನ್ನು ಒಪ್ಪುವ ಅಥವಾ ನಿರಾಕರಿಸುವ ಆಯ್ಕೆಯನ್ನು ಬಳಕೆದಾರರ ಮುಂದೆ ಇಟ್ಟಾಗ, ಅವರು ಏನನ್ನಾದರೂ ಒತ್ತುವ ಮೊದಲೇ ಮಾಹಿತಿ ಹೊರಟುಹೋಗಿರುತ್ತಿತ್ತು.

ಈ ವಿಷಯದಲ್ಲಿ ನಾನು ಓದಿದ ಅತ್ಯಂತ ಸ್ಪಷ್ಟವಾದ ಸಾಲುಗಳು ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೆಯ ಸೆಕ್ಷನ್ನಿನಲ್ಲಿವೆ. ಅಲ್ಲಿ ಒಂದು ಉದಾಹರಣೆಯನ್ನು ಕಾನೂನೇ ಕೊಡುತ್ತದೆ. ದೂರದಿಂದಲೇ ವೈದ್ಯಕೀಯ ಸಲಹೆ ಕೊಡುವ ಆ್ಯಪ್ ಒಂದನ್ನು ಒಬ್ಬಳು ತನ್ನ ಫೋನಿಗೆ ಹಾಕಿಕೊಳ್ಳುತ್ತಾಳೆ; ಸಲಹೆ ನೀಡಲು ಬೇಕಾದ ಮಾಹಿತಿಯ ಜೊತೆಗೆ ಆಕೆಯ ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೂ ಆ್ಯಪ್ ಕೇಳುತ್ತದೆ; ಆಕೆ ಎರಡಕ್ಕೂ ಒಪ್ಪುತ್ತಾಳೆ. ವೈದ್ಯಕೀಯ ಸಲಹೆಗೆ ಸಂಪರ್ಕಗಳ ಪಟ್ಟಿ ಅಗತ್ಯವಿಲ್ಲದ ಕಾರಣ, ಆಕೆಯ ಒಪ್ಪಿಗೆ ಸಲಹೆಗೆ ಬೇಕಾದ ಮಾಹಿತಿಗೆ ಮಾತ್ರ ಸೀಮಿತ ಎನ್ನುತ್ತದೆ ಕಾಯ್ದೆ. ಎರಡಕ್ಕೂ ಗುಂಡಿ ಒತ್ತಿದ್ದರೂ ಎರಡನೆಯ ಒತ್ತಿಗೆ ಬೆಲೆಯಿಲ್ಲ. ದಣಿದ, ಅವಸರದಲ್ಲಿರುವ, ಓದದೆ ಒತ್ತುವ ಮನುಷ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನು ಹೀಗಿರಬೇಕು. ಅಂದ ಹಾಗೆ, ಇಡೀ ಕಾಯ್ದೆ ವ್ಯಕ್ತಿಯನ್ನು ಉಲ್ಲೇಖಿಸುವಾಗ ‘ಅವನು’ ಎನ್ನದೆ ‘ಅವಳು’ ಎಂಬ ಸರ್ವನಾಮವನ್ನೇ ಬಳಸುತ್ತದೆ. ಮಾಹಿತಿ ಸಂಗ್ರಹಿಸುವವರಿಗೆ ಅದು ಕೊಟ್ಟಿರುವ ಹೆಸರು ‘ಡೇಟಾ ಫಿಡ್ಯೂಶಿಯರಿ’, ಅಂದರೆ ಇನ್ನೊಬ್ಬರು ನಂಬಿ ಇಟ್ಟ ಇಡುಗಂಟನ್ನು ಕಾಯುವವರು. ಹೆಸರು ಚೆನ್ನಾಗಿದೆ.

ಈ ಕಾಯ್ದೆಯ ಹಾದಿ ಸಣ್ಣದಾಗಿರಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ದತ್ತಾಂಶ ರಕ್ಷಣೆಯ ಕಾನೂನು ಹೇಗಿರಬೇಕೆಂದು ಸೂಚಿಸಲು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರಲ್ಲಿ ವರದಿ ಕೊಟ್ಟಿತು, 2019ರಲ್ಲಿ ಮಂಡನೆಯಾದ ಮಸೂದೆಯನ್ನು 2022ರಲ್ಲಿ ಹಿಂಪಡೆಯಲಾಯಿತು, 2023ರ ಆಗಸ್ಟ್‌ನಲ್ಲಿ ಈಗಿನ ಕಾಯ್ದೆಗೆ ರಾಷ್ಟ್ರಪತಿಯವರ ಅಂಕಿತ ಬಿತ್ತು, ನಿಯಮಾವಳಿ ಪ್ರಕಟವಾಗಲು 2025ರ ನವೆಂಬರ್ ಬರಬೇಕಾಯಿತು. ಸಂಸ್ಥೆಗಳ ಮೇಲಿನ ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ ಮುಂದೆ 18 ತಿಂಗಳ ಗಡುವಿದೆ. ಈ ಕಾಯ್ದೆಯ ಒಂದು ಅಂಶ ಕನ್ನಡ ಓದುವವರಿಗೆ ಮುಖ್ಯವಾದುದು: ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆಯನ್ನು ಕೊಡಬೇಕು. ಕನ್ನಡದಲ್ಲಿ ಬರುವ ಆ ಸೂಚನೆಗಳು ಓದಿದರೆ ಅರ್ಥವಾಗುವ ಕನ್ನಡದಲ್ಲಿರುತ್ತವೆಯೋ, ಯಂತ್ರಾನುವಾದದ ಕಬ್ಬಿಣದ ಕಡಲೆಯಾಗಿರುತ್ತವೆಯೋ ಎಂಬುದರ ಮೇಲೆ ಈ ಹಕ್ಕಿನ ಬೆಲೆ ನಿಂತಿದೆ.

ಹೊಗಳಿದ್ದಾಯಿತು, ಇನ್ನು ತಕರಾರು. ಕಾಯ್ದೆಯು ಸಂಸ್ಥೆಗಳಿಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ, ಆದರೆ ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಸೋರಿ ನಷ್ಟ ಅನುಭವಿಸಿದವರಿಗೆ ಅದರಲ್ಲಿ ಪಾಲಿಲ್ಲ. ಮೊದಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ನಿನಡಿ, ಸೂಕ್ಷ್ಮ ಮಾಹಿತಿಯನ್ನು ಕಾಯುವಲ್ಲಿ ನಿರ್ಲಕ್ಷ್ಯ ತೋರಿದ ಸಂಸ್ಥೆಯಿಂದ ಪರಿಹಾರ ಕೇಳುವ ದಾರಿಯೊಂದು ಇತ್ತು. ಹೊಸ ಕಾಯ್ದೆ ಆ ಸೆಕ್ಷನ್ನನ್ನೇ ತೆಗೆದುಹಾಕುತ್ತದೆ. ಅದೇ ಸಮಯದಲ್ಲಿ, ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟ ಬಳಕೆದಾರರಿಗೆ 10,000 ರೂಪಾಯಿಯವರೆಗೆ ದಂಡ ವಿಧಿಸಬಹುದು. ಇಡುಗಂಟು ಕಳೆದುಕೊಂಡವರಿಗೆ ಪರಿಹಾರವಿಲ್ಲ, ದೂರು ಕೊಡುವಲ್ಲಿ ಎಡವಿದರೆ ದಂಡವಿದೆ ಎಂಬ ಈ ಏರ್ಪಾಡು ನನಗೆ ಸರಿಕಾಣುವುದಿಲ್ಲ. ಸರ್ಕಾರವು ತಾನು ಅಧಿಸೂಚಿಸಿದ ತನ್ನ ಸಂಸ್ಥೆಗಳನ್ನು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಕಾಯ್ದೆಯಿಂದ ಹೊರಗಿಡಬಹುದಾದ್ದರಿಂದ, 1970ರಲ್ಲಿ ಯಾವ ಭಯದಿಂದ ಈ ಕಾನೂನುಗಳು ಹುಟ್ಟಿದವೋ ಆ ಭಯಕ್ಕೆ ಇಲ್ಲಿ ಉತ್ತರವೂ ಸಿಕ್ಕಿಲ್ಲ.

ಪರಿಹಾರದ ಭರವಸೆ ಇರುವ ಕಡೆಯೂ ಅದು ಕೈಗೆ ಬರುವುದು ಎಷ್ಟು ಎಂಬುದು ಬೇರೆ ಮಾತು. 2017ರಲ್ಲಿ ಅಮೆರಿಕದ ಎಕ್ವಿಫ್ಯಾಕ್ಸ್ ಎಂಬ ಸಾಲದ ದಾಖಲೆಗಳ ಸಂಸ್ಥೆಯಿಂದ ಸುಮಾರು 147 ಮಿಲಿಯನ್ ಜನರ ಮಾಹಿತಿ ಸೋರಿತು. 2019ರ ಇತ್ಯರ್ಥದಲ್ಲಿ ಸಂತ್ರಸ್ತರು 125 ಡಾಲರ್ ನಗದನ್ನು ಆಯ್ದುಕೊಳ್ಳಬಹುದು ಎಂದಿತ್ತು. ಆದರೆ ಆ ಬಾಬ್ತಿಗೆ ತೆಗೆದಿಟ್ಟಿದ್ದ ಒಟ್ಟು ಮೊತ್ತ 31 ಮಿಲಿಯನ್ ಡಾಲರ್ ಮಾತ್ರ. ಅರ್ಜಿಗಳು ಪ್ರವಾಹದಂತೆ ಹರಿದುಬಂದ ಕೆಲವೇ ದಿನಗಳಲ್ಲಿ, ಹೇಳಿದಷ್ಟು ಹಣ ಬರುವುದಿಲ್ಲ, ಬದಲಿಗೆ ಸಾಲದ ದಾಖಲೆಯ ಮೇಲೆ ಉಚಿತವಾಗಿ ನಿಗಾ ಇಡುವ ಸೇವೆಯನ್ನು ಆಯ್ದುಕೊಳ್ಳುವುದು ಲೇಸು ಎಂದು ಫೆಡರಲ್ ಟ್ರೇಡ್ ಕಮಿಷನ್ನೇ ಜನರಿಗೆ ತಿಳಿಸಬೇಕಾಯಿತು. ಈ ಸಂಸ್ಥೆಯ ಬಳಿ ತಮ್ಮ ಮಾಹಿತಿ ಇದೆ ಎಂಬುದೇ ಆ ಜನರಲ್ಲಿ ಬಹಳಷ್ಟು ಮಂದಿಗೆ ತಿಳಿದಿರಲಾರದು. ಅವರು ಅದರ ಗ್ರಾಹಕರೇ ಆಗಿರಲಿಲ್ಲ; ಒಪ್ಪಿಗೆಯ ಗುಂಡಿಯೂ ಅಲ್ಲಿರಲಿಲ್ಲ.

ಸೋರಿಕೆಯ ವಿಷಯದಲ್ಲಿ ಜಗತ್ತಿಗೆ ಹೆಚ್ಚು ಉಪಕಾರ ಮಾಡಿದ್ದು ಬಹಳ ಸರಳವಾದ ಒಂದು ನಿಯಮ: ಸೋರಿದರೆ ಹೇಳಬೇಕು. ಕ್ಯಾಲಿಫೋರ್ನಿಯಾ ರಾಜ್ಯದ ಇಂಥ ಕಾನೂನು 2003ರಲ್ಲಿ ಜಾರಿಗೆ ಬಂತು. 2005ರಲ್ಲಿ ಚಾಯ್ಸ್‌ಪಾಯಿಂಟ್ ಎಂಬ ಮಾಹಿತಿ ವ್ಯಾಪಾರದ ಸಂಸ್ಥೆಯು, ಗ್ರಾಹಕರ ವೇಷದಲ್ಲಿ ಬಂದ ವಂಚಕರಿಗೆ ಸಾವಿರಾರು ಜನರ ವಿವರಗಳನ್ನು ತಾನೇ ಮಾರಿದ್ದು ಬೆಳಕಿಗೆ ಬಂದದ್ದು ಈ ಕಾನೂನಿನ ದೆಸೆಯಿಂದ. ಸಂಸ್ಥೆ ಮೊದಲು ಪತ್ರ ಬರೆದದ್ದು ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಮಾತ್ರ, ಏಕೆಂದರೆ ಹೇಳಲೇಬೇಕೆಂಬ ಕಾನೂನು ಇದ್ದದ್ದು ಅಲ್ಲಿ. ಉಳಿದ ರಾಜ್ಯಗಳ ಜನರು ನಮ್ಮ ಗತಿಯೇನು ಎಂದು ಕೇಳಿದ ಮೇಲೆಯೇ ಬೇರೆಯವರಿಗೂ ಪತ್ರಗಳು ಹೋದವು. ಇಂದು ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಇಂಥ ನಿಯಮವಿದೆ. ಜಿಡಿಪಿಆರ್ ಪ್ರಕಾರ ಸೋರಿಕೆ ತಿಳಿದ 72 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕು. ಭಾರತದ ನಿಯಮಾವಳಿಯೂ ದತ್ತಾಂಶ ಸಂರಕ್ಷಣಾ ಮಂಡಳಿಗೆ ವಿವರವಾದ ವರದಿ ಕೊಡಲು 72 ಗಂಟೆಯ ಗಡುವನ್ನೇ ಇಟ್ಟಿದೆ, ಬಾಧಿತರಿಗೆ ತಡಮಾಡದೆ ತಿಳಿಸಬೇಕೆಂದೂ ಹೇಳಿದೆ. ಗುಟ್ಟಾಗಿಡಲು ಸಾಧ್ಯವಿಲ್ಲ ಎಂಬ ಅರಿವಿದ್ದಾಗ ಸಂಸ್ಥೆಗಳು ಬೀಗಕ್ಕೆ ಹೆಚ್ಚು ಖರ್ಚು ಮಾಡುತ್ತವೆ. ಇದಕ್ಕೆ ಯಾವ ಗ್ರಾಹಕರ ಒಪ್ಪಿಗೆಯೂ ಬೇಕಿಲ್ಲ.

ದಂಡಗಳ ದೊಡ್ಡ ಮೊತ್ತಗಳು ಸುದ್ದಿಯಾಗುತ್ತವೆ. ಜಿಡಿಪಿಆರ್ 20 ಮಿಲಿಯನ್ ಯೂರೊ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ 4 ಶೇಕಡಾ, ಇವುಗಳಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ ವಿಧಿಸಬಹುದು ಎನ್ನುತ್ತದೆ. ಯುರೋಪಿನ ಬಳಕೆದಾರರ ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸಿದ್ದಕ್ಕಾಗಿ ಐರ್ಲೆಂಡಿನ ನಿಯಂತ್ರಕರು 2023ರ ಮೇ ತಿಂಗಳಲ್ಲಿ ಮೆಟಾಗೆ ವಿಧಿಸಿದ ದಂಡ 1.2 ಬಿಲಿಯನ್ ಯೂರೊ. ಆ ವ್ಯಾಜ್ಯದ ಬೇರು 2013ರಲ್ಲಿ ಮ್ಯಾಕ್ಸ್ ಶ್ರೆಮ್ಸ್ ಎಂಬ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಕೊಟ್ಟ ದೂರಿನಲ್ಲಿದೆ. ನಡುವೆ ಯುರೋಪ್ ಮತ್ತು ಅಮೆರಿಕದ ನಡುವಿನ ಎರಡು ಒಪ್ಪಂದದ ಏರ್ಪಾಡುಗಳನ್ನು ನ್ಯಾಯಾಲಯ 2015ರಲ್ಲಿ ಮತ್ತು 2020ರಲ್ಲಿ ರದ್ದುಮಾಡಿತ್ತು. ಒಂದು ದೂರು ದಂಡವಾಗಿ ಮಾಗಲು 10 ವರ್ಷ ಹಿಡಿಯಿತು ಎಂಬುದೇ ಇಲ್ಲಿ ನನಗೆ ಕಾಣುವ ಮುಖ್ಯ ಅಂಕಿ.

ಮಕ್ಕಳ ವಿಷಯದಲ್ಲಿ ಕಾನೂನುಗಳು ವಯಸ್ಸಿನ ಗೆರೆಯನ್ನು ಬೇರೆ ಬೇರೆ ಕಡೆ ಎಳೆದಿವೆ: ಅಮೆರಿಕದ 1998ರ ಕಾನೂನಿನಲ್ಲಿ 13 ವರ್ಷ, ಜಿಡಿಪಿಆರ್‌ನಲ್ಲಿ 16 ವರ್ಷ ಮತ್ತು ಸದಸ್ಯ ದೇಶಗಳು ಬಯಸಿದರೆ 13ರವರೆಗೆ ಇಳಿಸುವ ಅವಕಾಶ, ಭಾರತದಲ್ಲಿ 18 ವರ್ಷ. ಗೆರೆ ಮೇಲೇರಿದಷ್ಟೂ ರಕ್ಷಣೆ ಹೆಚ್ಚು ಎನಿಸಬಹುದು. ಆದರೆ ಯಾರು ಮಕ್ಕಳು ಎಂದು ತಿಳಿಯಬೇಕಾದರೆ ಎಲ್ಲರ ವಯಸ್ಸನ್ನೂ ಪರಿಶೀಲಿಸಬೇಕು, ಅದಕ್ಕಾಗಿ ಎಲ್ಲರಿಂದಲೂ ಇನ್ನಷ್ಟು ಮಾಹಿತಿ ಪಡೆಯಬೇಕು. ಕಡಿಮೆ ಸಂಗ್ರಹಿಸಿ ಎಂದು ಹೇಳುವ ಕಾನೂನೇ ಹೆಚ್ಚು ಸಂಗ್ರಹಿಸುವುದಕ್ಕೆ ನೆಪವಾಗುವ ಈ ಇಕ್ಕಟ್ಟಿಗೆ ಒಪ್ಪುವಂಥ ಪರಿಹಾರವನ್ನು ನಾನಂತೂ ಕಂಡಿಲ್ಲ.

ಮತ್ತೆ ನನ್ನ ಖಾತೆಗೆ ಬರುತ್ತೇನೆ. ಆ ಮಳಿಗೆ ಹಲವು ದೇಶಗಳಲ್ಲಿ ವ್ಯವಹಾರ ನಡೆಸುವಂಥದ್ದು. ಯುರೋಪಿನ ಕಾನೂನಿಗೆಂದು ಕಟ್ಟಿದ ಕೋರಿಕೆಯ ಪುಟವನ್ನೇ ಅದು ಎಲ್ಲ ಬಳಕೆದಾರರಿಗೂ ತೆರೆದಿಟ್ಟಿತ್ತು. ದೇಶಕ್ಕೊಂದು ಪುಟ ಕಟ್ಟುವುದಕ್ಕಿಂತ ಅದು ಅಗ್ಗವಾಗಿರಬೇಕು. ಒಂದು ಕಡೆಯ ಬಿಗಿ ಕಾನೂನು ಹೀಗೆ ಬೇರೆ ಕಡೆಯವರನ್ನೂ ಕಾಯುವುದಕ್ಕೆ ವಿದ್ವಾಂಸೆ ಅನು ಬ್ರ್ಯಾಡ್‌ಫರ್ಡ್ ಯುರೋಪ್ ಒಕ್ಕೂಟದ ಕೇಂದ್ರ ಕಚೇರಿಗಳಿರುವ ನಗರದ ಮೇಲೆ ‘ಬ್ರಸೆಲ್ಸ್ ಪರಿಣಾಮ’ ಎಂಬ ಹೆಸರು ಕೊಟ್ಟಿದ್ದಾರೆ. ಮಾಹಿತಿಯನ್ನು ಅಳಿಸಿಹಾಕಿ ಎಂಬ ನನ್ನ ಎರಡನೆಯ ಕೋರಿಕೆಗೆ ಮೂರು ವಾರಗಳ ನಂತರ ಉತ್ತರ ಬಂತು: ಖಾತೆಯನ್ನು ಅಳಿಸಲಾಗಿದೆ, ತೆರಿಗೆ ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದ ಬಿಲ್ಲುಗಳನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ನ್ಯಾಯವಾದ ಉತ್ತರವೇ. ಅಳಿಸುವ ಹಕ್ಕು ಎಲ್ಲಿಯೂ ಸಂಪೂರ್ಣವಾದುದಲ್ಲ. ಬೇರೆ ಕಾನೂನು ಉಳಿಸಿಕೊಳ್ಳಿ ಎಂದಾಗ ಅದು ಬದಿಗೆ ಸರಿಯುತ್ತದೆ.

ಅದಾದ ಒಂದು ವಾರಕ್ಕೆ, ನಾನು ಹೆಸರನ್ನೂ ಕೇಳಿರದ ಇನ್ನೊಂದು ಸಂಸ್ಥೆಯಿಂದ ಒಂದು ಇಮೇಲ್ ಬಂತು. ‘ನಿಮ್ಮ ಪುಟಾಣಿ ಈಗ ಶಾಲೆಗೆ ಹೋಗುವ ವಯಸ್ಸಿಗೆ ಬಂದಿರಬೇಕಲ್ಲವೇ?’ ಎಂದು ಅದು ಅಕ್ಕರೆಯಿಂದ ಕೇಳಿತ್ತು. ಮೂಲದಲ್ಲಿ ಅಳಿಸಿಹೋದ ಮಗು ಬೇರೆಯವರ ಪಟ್ಟಿಯಲ್ಲಿ ಬೆಳೆಯುತ್ತಲೇ ಇತ್ತು. ಅಳಿಸಿದ ಸಂಗತಿಯನ್ನು, ತಾನು ಯಾರು ಯಾರಿಗೆ ಮಾಹಿತಿ ಕೊಟ್ಟಿದ್ದೆನೋ ಅವರೆಲ್ಲರಿಗೂ ಸಂಸ್ಥೆ ತಿಳಿಸಬೇಕು ಎಂದು ಜಿಡಿಪಿಆರ್‌ನ 19ನೆಯ ವಿಧಿ ಹೇಳುತ್ತದೆ. ಜೊತೆಗೆ, ಅದು ಅಸಾಧ್ಯವಾದರೆ ಅಥವಾ ಅದಕ್ಕೆ ಮಿತಿಮೀರಿದ ಶ್ರಮ ಬೇಕಾದರೆ ಬೇಡ ಎಂದೂ ಹೇಳುತ್ತದೆ. ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳಿದರೆ ಹೇಳಬೇಕು ಎಂಬ ಮಾತೂ ಅದೇ ವಿಧಿಯಲ್ಲಿದೆ. ಆ ಪ್ರಶ್ನೆಯನ್ನು ಮಳಿಗೆಗೆ ಬರೆದು ಕಳುಹಿಸಿದ್ದೇನೆ. ಖಾತೆ ಮುಚ್ಚಿರುವುದರಿಂದ, ನಾನು ಯಾರೆಂಬುದನ್ನು ರುಜುವಾತು ಮಾಡಲು ಗುರುತಿನ ಚೀಟಿಯ ಪ್ರತಿಯೊಂದನ್ನು ಕಳುಹಿಸಿ ಎಂದು ಅವರು ಕೇಳಿದ್ದಾರೆ.